ಶಾಂತಲೆಯ ನೆಂಟರು

ಚನ್ನರಾಯಪಟ್ಟಣದ ಕಡೆಯವರು ಹೊಯ್ಸಳರ ಶಾಂತಲೆಯ ಬಗ್ಗೆ ಮಾತಾಡುವ ವರಸೆಯೇ ಬೇರೆ. ದೂರದ ಓದುಗರಿಗೆ ಆಕೆ ಬೇಲೂರಿನ ಗೋಡೆಯ ಮೇಲೆ ಕನ್ನಡಿ ಹಿಡಿದು ನಿಂತ ಚೆಲುವೆ, ಇಲ್ಲವೇ ಪಾಠದ ಪುಸ್ತಕದ ನಾಟ್ಯರಾಣಿ. ಇಲ್ಲಿನವರಿಗೆ ಮಾತ್ರ ಆಕೆ ಊರಿನಿಂದ ಹನ್ನೆರಡು ಹದಿಮೂರು ಕಿಲೋಮೀಟರ್ ಆಚೆ, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ 1123ರಲ್ಲಿ ಬಸದಿ ಕಟ್ಟಿಸಿ ಅದರ ಪೂಜೆಗೆಂದು ಊರು ಬಿಟ್ಟುಕೊಟ್ಟವಳು. ಆಕೆ ತೀರಿಕೊಂಡ ಸುದ್ದಿಯೂ, ಆಕೆಯ ಹಿಂದೆಯೇ ತಾಯಿ ತೀರಿಕೊಂಡ ಸುದ್ದಿಯೂ ಅದೇ ಬೆಟ್ಟದ ಕಲ್ಲಿನ ಮೇಲಿದೆ. ಹಾಗಾಗಿ ಶಾಂತಲೆಯ ಮೇಲೆ ಯಾರಾದರೂ ಕಾದಂಬರಿ ಬರೆದರೆ ಈ ತಾಲ್ಲೂಕಿನವರು ಓದಿ ಮುಗಿಸಿ ಸುಮ್ಮನೆ ಪಕ್ಕಕ್ಕಿಡುವುದಿಲ್ಲ. ನೆಂಟರ ಮನೆಯ ಮದುವೆ, ಸಾವು, ಮಕ್ಕಳ ಮಾತು ಬಂದಾಗ ಹೇಗೆ ಬಾಯಿ ಹಾಕುತ್ತಾರೋ ಹಾಗೆ ಹಾಕುತ್ತಾರೆ.

ಆ ಮಾತುಗಳ ನಡುವೆಯೇ ಬೆಳೆದು, ಕನ್ನಡ ಅಧ್ಯಾಪಕಿಯಾಗಿ ನಿವೃತ್ತರಾದ ಒಬ್ಬರ ನೆನಪುಗಳಿವು. ಪಟ್ಟಣದಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಅವರನ್ನು ಮೇಡಂ ಎಂದೇ ಕರೆಯುತ್ತಾರೆ. ಇಲ್ಲೂ ಅವರು ಮೇಡಂ ಆಗಿಯೇ ಇರಲಿ.

ಮೇಡಂ ಹೈಸ್ಕೂಲಿಗೆ ಹೋಗುತ್ತಿದ್ದದ್ದು 1970ರ ದಶಕದ ಮೊದಲ ವರ್ಷಗಳಲ್ಲಿ. ಅವರ ಮನೆಗೆ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಬಂದದ್ದು ಸಾಹಿತ್ಯದ ದಾರಿಯಿಂದಲ್ಲ, ಗರಡಿಯ ದಾರಿಯಿಂದ. ಚಿಕ್ಕಪ್ಪನಿಗೆ ಕಸರತ್ತಿನ ಹುಚ್ಚು. ಬೆಂಗಳೂರಿನಲ್ಲಿ ಹರ್ಕ್ಯುಲೀಸ್ ವ್ಯಾಯಾಮಶಾಲೆ ನಡೆಸಿದ, ದೇಹದಾರ್ಢ್ಯದಲ್ಲಿ ದೇಶಕ್ಕೇ ಹೆಸರಾದ, ಅಂಚೆಯಲ್ಲೂ ಶಿಷ್ಯರಿಗೆ ಪಾಠ ಕಳಿಸುತ್ತಿದ್ದ ಅಯ್ಯರ್ ಎಂದರೆ ಆತನಿಗೆ ದೇವರು. ಸೂರ್ಯನಮಸ್ಕಾರದ ಮೇಲೆ ಅಯ್ಯರ್ ಬರೆದ ಪುಸ್ತಕ ಆತನ ಹಾಸಿಗೆಯ ತಲೆದೆಸೆಯಲ್ಲಿರುತ್ತಿತ್ತು. ಅದೇ ಕೈ ಬರೆದದ್ದು ಎಂಬ ಒಂದೇ ಕಾರಣಕ್ಕೆ ಆತ ಮೈಸೂರಿನಿಂದ ಈ ಕಾದಂಬರಿಯನ್ನೂ ತಂದಿದ್ದ. ತೋಳು ತೊಡೆ ತಿದ್ದುವುದನ್ನು ಹೇಳಿಕೊಡುವ ಮನುಷ್ಯ 12ನೇ ಶತಮಾನದ ಇಬ್ಬರು ಹೆಣ್ಣುಮಕ್ಕಳ ಮನಸ್ಸಿನೊಳಕ್ಕೆ ಇಳಿಯಲು ಹೊರಟನಲ್ಲ ಎಂಬುದು ಇವತ್ತಿಗೂ ಬೆರಗಿನ ಸಂಗತಿಯೇ. ಅಯ್ಯರ್ ಟಿ.ಪಿ. ಕೈಲಾಸಂ ಅವರ ಗೆಳೆಯರು, ಕಲೆಯ ರುಚಿ ಬಲ್ಲವರು. ಮೈಕೆಲೇಂಜೆಲೊನ ಸುತ್ತ ‘ರೂಪದರ್ಶಿ’ ಬರೆದವರೂ ಅವರೇ. ಇದನ್ನೆಲ್ಲ ಮೇಡಂ ತಿಳಿದದ್ದು ಬಹಳ ಆಮೇಲೆ. ಆಗ ಚಿಕ್ಕಪ್ಪನ ತೀರ್ಪೊಂದೇ ಕಿವಿಗೆ ಬಿದ್ದಿತ್ತು: “ಚೆನ್ನಾಗೈತೆ. ತಲಕಾಡಿನ ಯುದ್ಧ ಇನ್ನೊಂದಿಪ್ಪತ್ತು ಪುಟ ಇರ್ಬೇಕಿತ್ತು.”

ಚಿಕ್ಕಪ್ಪ ಕೆಳಗಿಟ್ಟ ಪುಸ್ತಕವನ್ನು ಹುಡುಗಿ ಎತ್ತಿಕೊಂಡಳು. ಒಬ್ಬಳೇ ಓದಲು ಬಿಡುವವರು ಆ ಮನೆಯಲ್ಲಿ ಇರಲಿಲ್ಲ. ಕೊಬ್ಬರಿ ಸುಲಿಯುವ ಕಾಲ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿಗಳನ್ನು ಇಳಿಸಿ ಹಜಾರದಲ್ಲಿ ರಾಶಿ ಹಾಕಿದ್ದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಿಟಕು ಲೊಡಲೊಡ ಎನ್ನಬೇಕು. ಎಂದರೆ ಸರಿ, ಎನ್ನದಿದ್ದರೆ ಬೇರೆ ಗುಡ್ಡೆಗೆ. ಈ ಪರೀಕ್ಷೆ ಮಾಡುತ್ತಾ ಕೂತ ಇಬ್ಬರು ಅಜ್ಜಿಯರಿಗೆ ಹುಡುಗಿ ರಾತ್ರಿ ಊಟವಾದ ಮೇಲೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು.

ಇಬ್ಬರು ಅಜ್ಜಿಯರು ಎಂದದ್ದನ್ನು ಬಿಡಿಸಿ ಹೇಳಬೇಕು. ದೊಡ್ಡಜ್ಜಿ ಮನೆಯ ಮೊದಲ ಸೊಸೆ. ವರ್ಷಗಳು ಕಳೆದರೂ ಮಡಿಲು ತುಂಬಲಿಲ್ಲ. ಆಗ ಆಕೆಯೇ ತವರಿನ ಕಡೆಯ ಹುಡುಗಿಯೊಬ್ಬಳನ್ನು ನೋಡಿ, ಒಪ್ಪಿ, ಗಂಡನಿಗೆ ತಂದುಕೊಂಡಳು. ಆ ಹುಡುಗಿಯೇ ಚಿಕ್ಕಜ್ಜಿ. ಮೇಡಂ ಅವರ ತಂದೆಯನ್ನೂ ಚಿಕ್ಕಪ್ಪನನ್ನೂ ಹೆತ್ತವಳು. 1955ರಲ್ಲಿ ಹಿಂದೂ ವಿವಾಹ ಕಾಯ್ದೆ ಬಂದು ಎರಡನೇ ಮದುವೆಗೆ ತಡೆ ಬೀಳುವ ತನಕ ಹಳೆ ಮೈಸೂರಿನ ಹಳ್ಳಿಗಳಲ್ಲಿ ಇಂಥ ಮನೆಗಳು ಅಪರೂಪವಲ್ಲ. ಮಕ್ಕಳಿಲ್ಲದ ಹೆಂಡತಿ ತಾನೇ ಮುಂದೆ ನಿಂತು ಸವತಿಯನ್ನು ತರುವುದು, ಅದರಲ್ಲೂ ತಂಗಿಯನ್ನೋ ತವರಿನ ಹುಡುಗಿಯನ್ನೋ ತರುವುದು, ಒಳ್ಳೆಯ ಹೆಂಗಸಿನ ಲಕ್ಷಣ ಎಂದು ಊರು ಹೊಗಳುತ್ತಿತ್ತು.

ಅಯ್ಯರ್ ಅವರ ಕಾದಂಬರಿಯ ನಡುಗಂಬವೇ ಅಂಥದೊಂದು ಹೊಗಳಿಕೆ. ಅಲ್ಲಿ ಲಕ್ಷ್ಮಿ ಶಾಂತಲೆಯ ಜೀವದ ಗೆಳತಿ. ಶಾಂತಲೆಯೇ ಮನಸ್ಸು ಮಾಡಿ ಆಕೆಯನ್ನೂ ತನ್ನ ಗಂಡ, ಹೊಯ್ಸಳ ಅರಸ ವಿಷ್ಣುವರ್ಧನನ ರಾಣಿಯಾಗಿಸುತ್ತಾಳೆ. ಪ್ರೀತಿ ಹಂಚಿಕೊಂಡರೆ ಕಡಿಮೆಯಾಗುವುದಿಲ್ಲ ಎಂಬ ನಂಬಿಕೆಯ ಮೇಲೆ ಕಥೆ ನಿಂತಿದೆ. ಶಿವಗಂಗೆಯಲ್ಲಿ ದುರಂತವಾಗಿ ಮುಗಿಯುತ್ತದೆ. ಕನ್ನಡದ ಎಷ್ಟೋ ಮನೆಗಳಲ್ಲಿ ಹೆಂಗಸರು ಈ ಪುಸ್ತಕ ಹಿಡಿದು ಅತ್ತಿದ್ದಾರೆ. ಈ ಮನೆಯಲ್ಲೂ ಹಾಗೇ ಆಗುತ್ತದೆ ಎಂದು ಹುಡುಗಿ ಎಣಿಸಿದ್ದಳು.

ಆಗಲಿಲ್ಲ. ಶಾಂತಲೆ ಲಕ್ಷ್ಮಿಯನ್ನು ಅರಸನಿಗೆ ಒಪ್ಪಿಸುವ ಭಾಗ ಬಂದಾಗ ಕಾಯಿ ಅಲ್ಲಾಡಿಸುವ ಸದ್ದು ನಿಂತಿತು. ಮೊದಲು ಬಾಯಿ ಬಿಟ್ಟವಳು ಚಿಕ್ಕಜ್ಜಿ: “ಲಕ್ಷ್ಮಿ ಮನ್ಸಲ್ಲಿ ಏನಿತ್ತು ಅಂತ ಈ ಅಯ್ಯರ್ಗೆ ಹೆಂಗ್ ಗೊತ್ತಾಯ್ತು?” ಹುಡುಗಿ ಏನು ಹೇಳಿಯಾಳು? ಕಥೆ ಬರೆದವರಿಗೆ ಗೊತ್ತಿರುತ್ತದೆ ಅಜ್ಜಿ ಎಂದಳು. ದೊಡ್ಡಜ್ಜಿ ಕೈಯಲ್ಲಿದ್ದ ಕಾಯಿಯನ್ನು ಗುಡ್ಡೆಗೆ ಹಾಕಿ, ಯಾರ ಮುಖವನ್ನೂ ನೋಡದೆ ಹೇಳಿದಳು: “ನಾನೇ ನೋಡಿ, ನಾನೇ ಒಪ್ಪಿ ಕರ್ಕೊಂಡ್ ಬಂದೆ, ನಿಜ. ನಗ್‌ನಗ್ತಾ ಕರ್ಕೊಂಡ್ ಬಂದೆ ಅಂತ ಯಾರ್ ಹೇಳಿದ್ರು?”

ಮಾರನೆಯ ರಾತ್ರಿ ಮುಂದಿನ ಅಧ್ಯಾಯಕ್ಕೆ ಹೋಗಲು ದೊಡ್ಡಜ್ಜಿ ಬಿಡಲಿಲ್ಲ. ಹಿಂದಿನ ದಿನ ಓದಿದ್ದನ್ನೇ ಇನ್ನೊಮ್ಮೆ ಓದು ಎಂದಳು. ಓದಿಸಿಕೊಂಡು, “ಮಾತೇನೋ ಚೆನ್ನಾಗ್ ಜೋಡ್ಸವ್ರೆ” ಎಂದಳು. ಕಾದಂಬರಿಯ ಭಾಷೆಯ ಬಗ್ಗೆ ಆ ಮನೆಯಲ್ಲಿ ಬಂದ ವಿಮರ್ಶೆ ಅಷ್ಟೇ, ಸರಿಯಾದ ವಿಮರ್ಶೆಯೂ ಹೌದು. ಅಯ್ಯರ್ ಅವರ ಗದ್ಯಕ್ಕೆ ಓದಿಸಿಕೊಳ್ಳುವ ಬನಿ ಇದೆ. ಒಪ್ಪದವರನ್ನೂ ಅದು ಎರಡನೇ ಸಲ ಕೂರಿಸುತ್ತದೆ.

ಅಜ್ಜಿಯರ ಆ ಎರಡು ಪ್ರಶ್ನೆಗಳನ್ನು ಮೇಡಂ ಐವತ್ತು ವರ್ಷ ಜೊತೆಯಲ್ಲಿಟ್ಟುಕೊಂಡಿದ್ದಾರೆ. ಐತಿಹಾಸಿಕ ಕಾದಂಬರಿಯ ಬಗ್ಗೆ ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದರೂ ಇದಕ್ಕಿಂತ ಚೂಪಾದ ಪ್ರಶ್ನೆಯನ್ನು ಯಾರ ಬಾಯಲ್ಲೂ ಕೇಳಲಿಲ್ಲ ಎನ್ನುತ್ತಾರೆ. ಅಜ್ಜಿಯರು ಕೇಳಿದ್ದು ಇತಿಹಾಸ ನಿಜವೋ ಸುಳ್ಳೋ ಎಂದಲ್ಲ. ತ್ಯಾಗ ಮಾಡಿದವಳನ್ನು ಹೊಗಳುವ ಭರದಲ್ಲಿ ಆಕೆಗಾದ ನೋವನ್ನೂ, ಬಂದವಳ ಮನಸ್ಸನ್ನೂ ಹೂವಿನಲ್ಲಿ ಮುಚ್ಚಿಬಿಟ್ಟಿರಲ್ಲ ಎಂದು.

ಇತಿಹಾಸದ ಪ್ರಶ್ನೆ ಬಂದದ್ದು ಶಾಲೆಯಿಂದ. ಕನ್ನಡ ಮೇಷ್ಟ್ರು ಹುಡುಗ ಹುಡುಗಿಯರನ್ನು ಬೆಳಗೊಳಕ್ಕೆ ಕರೆದೊಯ್ದರು. ಎಲ್ಲರೂ ದೊಡ್ಡಬೆಟ್ಟ ಹತ್ತಿ ಗೊಮ್ಮಟನ ಪಾದ ಮುಟ್ಟಿ ಇಳಿಯುವವರು. ಮೇಷ್ಟ್ರು ಮಾತ್ರ ಎದುರಿನ ಚಿಕ್ಕಬೆಟ್ಟಕ್ಕೂ ಹತ್ತಿಸಿದರು. ಬಿಸಿಲಿಗೆ ಕಾದ ಬಂಡೆ, ಬರಿಗಾಲು, ಒಂದರ ಪಕ್ಕ ಒಂದು ಬಸದಿ. ಶ್ರವಣಬೆಳಗೊಳ ಮತ್ತು ಸುತ್ತಮುತ್ತ ಸಿಕ್ಕ ಶಾಸನಗಳು ಐನೂರಕ್ಕೂ ಹೆಚ್ಚು. ಲೂಯಿ ರೈಸ್ 1889ರಲ್ಲಿ 144 ಶಾಸನ ಅಚ್ಚು ಹಾಕಿಸಿದರೆ, ಆರ್. ನರಸಿಂಹಾಚಾರ್ಯರು 1923ರ ಪರಿಷ್ಕರಣದಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಅಷ್ಟೊಂದು ಬರಹದ ನಡುವೆ ಮೇಷ್ಟ್ರು ಮಕ್ಕಳನ್ನು ನಿಲ್ಲಿಸಿದ್ದು ಶಾಂತಲೆ ಕಟ್ಟಿಸಿದ ಬಸದಿಯ ಮುಂದೆ. ಒಳಗೆ ಸುಮಾರು 5 ಅಡಿಯ ಶಾಂತಿನಾಥ. ಬಿಸಿಲಿನಿಂದ ಹೋದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ನಿಂತಷ್ಟು ಹೊತ್ತಿಗೆ ಭುಜ, ಆಮೇಲೆ ಮುಖ, ಎರಡೂ ಬದಿಯ ಚಾಮರಧಾರಿಗಳು ಒಬ್ಬೊಬ್ಬರಾಗಿ ಕತ್ತಲಿನಿಂದ ಈಚೆ ಬರುತ್ತಾರೆ.

ಬಸದಿಯ ಹೆಸರು ಸವತಿಗಂಧವಾರಣ. ಅದು ಶಾಂತಲೆಯ ಬಿರುದು. ಸವತಿಯರ ಪಾಲಿಗೆ ಮದ್ದಾನೆ ಎಂದು ಮೇಷ್ಟ್ರು ಬಿಡಿಸಿ ಹೇಳಿದಾಗ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾದಂಬರಿ ಓದಿದ್ದ ಹುಡುಗಿ ಕೈ ಎತ್ತಿದಳು. ಹಾಗಾದರೆ ಅಯ್ಯರ್ ಬರೆದದ್ದು? ಮೇಷ್ಟ್ರು ತಕ್ಕ ಉತ್ತರವನ್ನೇ ಕೊಟ್ಟರು. ಬಿರುದು ಎಂದರೆ ಆಸ್ಥಾನದವರ ಹೊಗಳಿಕೆ, ಅದನ್ನು ಹಿಡಿದು ಅರಮನೆಯ ಒಳಮನೆಯ ಲೆಕ್ಕ ಹಾಕಬಾರದು. ಅದೇ ಶಾಸನ ಆಕೆಯನ್ನು ಹಾಡು, ವಾದ್ಯ, ಕುಣಿತಗಳಲ್ಲಿ ನಿಪುಣೆ ಎಂದೂ, ಜಿನಧರ್ಮದಲ್ಲಿ ನಡೆದುಕೊಂಡವಳು ಎಂದೂ ಹೊಗಳುತ್ತದೆ. ಆಕೆಯ ಗುರು ಪ್ರಭಾಚಂದ್ರ ಸಿದ್ಧಾಂತದೇವ. ಬಸದಿಗೆ ಬಿಟ್ಟ ಊರು ಕಲ್ಕಣಿನಾಡಿನ ಮೊಟ್ಟೆನವಿಲೆ. ಇವು ದಾನದ ಲೆಕ್ಕ, ಇವನ್ನು ನಂಬಬಹುದು. ಉಳಿದದ್ದನ್ನು ತೂಗಿ ನೋಡಬೇಕು. ಹೀಗೆ ಹೇಳಿ ಮೇಷ್ಟ್ರು ಕೊನೆಗೊಂದು ಮಾತು ಸೇರಿಸಿದರು: “ಕಾದಂಬರಿಕಾರನಿಗೆ ಈ ಬಿರುದು ಗೊತ್ತಿರಲಿಲ್ಲ ಅಂದ್ಕೋಬೇಡಿ. ಗೊತ್ತಿದ್ದೂ ಬೇರೆ ಶಾಂತಲೆಯನ್ನ ಬಯಸಿದ.”

ಹುಡುಗಿ ಮನೆಗೆ ಬಂದು ಬಿರುದನ್ನು ವರದಿ ಮಾಡಿದಳು. ಚಿಕ್ಕಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಕಲ್ಲಲ್ಲೇ ಬರ್ಸವ್ಳಾ? ಭಲೇ!” ದೊಡ್ಡಜ್ಜಿ, “ಈಗ ಸರಿಹೋಯ್ತು” ಎಂದಳು. ಆ ರಾತ್ರಿಯಿಂದ ಆ ಮನೆಯಲ್ಲಿ ಶಾಂತಲೆ ದೇವತೆಯ ಪೀಠದಿಂದ ಇಳಿದು ಅಡುಗೆಮನೆಗೆ ಬಂದಳು, ಇಬ್ಬರು ಮುದುಕಿಯರಿಗೂ ಹತ್ತಿರವಾದಳು ಎಂದು ಮೇಡಂ ನೆನೆಯುತ್ತಾರೆ.

ಇಷ್ಟಕ್ಕೆ ಮುಗಿಯಲಿಲ್ಲ. ಪಕ್ಕದ ಮನೆಯ ಜೈನರ ಅಮ್ಮ, ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಜಗಲಿಗೆ ಬಂದು ಕೂರುವವರು, ಪುಸ್ತಕದ ಕೊನೆಯನ್ನು ಕೇಳಿ ಸಿಟ್ಟಾದರು. ಶಾಂತಲೆ ಶಿವಗಂಗೆ ಬೆಟ್ಟದಿಂದ ಬಿದ್ದು ಪ್ರಾಣ ಬಿಟ್ಟಳು ಎಂಬ ಮಾತು ಈ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಆ ಬೆಟ್ಟದ ತುದಿಯಲ್ಲಿ ಒಂದು ಜಾಗಕ್ಕೆ ‘ಶಾಂತಲಾ ಡ್ರಾಪ್’ ಎಂದೇ ಹೆಸರು ಬಿದ್ದಿದೆ. ಆ ಅಮ್ಮನ ವಾದ ನೇರವಾಗಿತ್ತು. “ಬೆಟ್ಟದಿಂದ ಹಾರೋದು ನಮ್ಮಲ್ಲಿ ವ್ರತ ಅಲ್ಲ ಕಣಮ್ಮ, ಪಾಪ. ಸಲ್ಲೇಖನ ಅಂದ್ರೆ ಗುರುಗಳನ್ನ ಕೇಳಿ, ಎಲ್ಲರ ಹತ್ರ ಕ್ಷಮೆ ಕೇಳಿ, ಅನ್ನ ಬಿಟ್ಟು, ನೀರು ಬಿಟ್ಟು, ಪಂಚನಮಸ್ಕಾರ ಹೇಳ್ತಾ ಹೋಗೋದು. ಇಷ್ಟು ದೊಡ್ಡ ಬಸದಿ ಕಟ್ಟಿಸಿದೋಳಿಗೆ ಅಷ್ಟು ತಿಳೀದೆ ಹೋಗುತ್ತಾ?”

ಶಾಸನ ಏನು ಹೇಳುತ್ತದೆ ಎಂದು ನೋಡಿದರೆ, ಆ ಅಮ್ಮನ ವಾದಕ್ಕೂ ಅಯ್ಯರ್ ಅವರ ಕಥೆಗೂ ಅದು ಪೂರ್ತಿ ಕೈ ಕೊಡುವುದಿಲ್ಲ. ಶಕ 1053ರಲ್ಲಿ, ಅಂದರೆ 1131ರಲ್ಲಿ, ಶಿವಗಂಗೆಯ ತೀರ್ಥದಲ್ಲಿ ದೇಹ ಬಿಟ್ಟು ಸ್ವರ್ಗಕ್ಕೆ ಹೋದಳು ಎನ್ನುತ್ತದೆ, ಅಷ್ಟೆ. ಹೇಗೆ ಎಂಬ ಮಾತಿಲ್ಲ. ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ, ಆಕೆ ಕೊನೆಯುಸಿರೆಳೆದದ್ದು ಶೈವಕ್ಷೇತ್ರದಲ್ಲಿ. ಈ ಮೂರು ಸಂಗತಿಗಳ ನಡುವಿನ ಖಾಲಿ ಜಾಗದಲ್ಲಿ ಕಾದಂಬರಿಕಾರ ತನ್ನ ಬೆಟ್ಟ, ತನ್ನ ಕೊನೆಯನ್ನು ಕಟ್ಟಿಕೊಂಡ. ಆ ಸ್ವಾತಂತ್ರ್ಯ ಅವನಿಗಿತ್ತು. ಆದರೆ ಜೈನ ಹೆಂಗಸೊಬ್ಬರಿಗೆ ಆ ಕೊನೆ ತಮ್ಮ ಮನೆಯ ಮಗಳ ಮೇಲೆ ಹೊರಿಸಿದ ಅಪವಾದದಂತೆ ಕಂಡಿದ್ದೂ ಅಷ್ಟೇ ನಿಜ. ಪ್ರೇಮಕಥೆಯ ಕೊನೆಗೆ ನಾಯಕಿ ಸಾಯಲೇಬೇಕು, ಅದೂ ಕಣ್ಣಿಗೆ ಕಟ್ಟುವಂತೆ ಸಾಯಬೇಕು ಎಂಬ ಚಾಳಿಗೆ ಬದುಕಿದ್ದ ನಂಬಿಕೆಯೊಂದು ಬಲಿಯಾಗಬಾರದಿತ್ತು ಎಂದೇ ಮೇಡಂ ಇವತ್ತಿಗೂ ವಾದಿಸುತ್ತಾರೆ. ಈ ಲೇಖನದ ಒಪ್ಪಿಗೆಯೂ ಅವರ ಕಡೆಗೇ ಇದೆ.

1978ರಲ್ಲಿ ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಹೊರಬಂತು. ಚಳ್ಳಕೆರೆ ಸೀಮೆಯ ರಾಯರು ಶಾಸನಗಳನ್ನು ಎದುರಿಗಿಟ್ಟುಕೊಂಡು, ಎರಡು ಸಾವಿರ ಪುಟ ದಾಟುವ ಹಾಗೆ ಬರೆದ ಪುಸ್ತಕ. ಅದಕ್ಕೆ 1983ರಲ್ಲಿ ಭಾರತೀಯ ಜ್ಞಾನಪೀಠದ ಮೊಟ್ಟಮೊದಲ ಮೂರ್ತಿದೇವಿ ಪ್ರಶಸ್ತಿ ಸಿಕ್ಕಿತು. ಗ್ರಂಥಾಲಯದಲ್ಲಿ ಒಂದು ಭಾಗ ಇದ್ದರೆ ಇನ್ನೊಂದು ಇರುತ್ತಿರಲಿಲ್ಲ. ಯಾರ ಮನೆಯಲ್ಲಿ ಯಾವ ಭಾಗ ಇದೆ ಎಂದು ಜನ ವಿಚಾರಿಸಿಕೊಂಡು ಹೋಗಿ ಅದಲುಬದಲು ಮಾಡಿಕೊಳ್ಳುತ್ತಿದ್ದರು. ನುಗ್ಗೇಹಳ್ಳಿಯಿಂದ, ಹಿರೀಸಾವೆಯಿಂದ ಕಾಲೇಜಿಗೆ ಬರುವ ಹುಡುಗರ ಚೀಲದಲ್ಲೂ ಅದೇ.

ಅಯ್ಯರ್ ಓದಿ ಅತ್ತವರು ರಾಯರನ್ನು ಓದಿ ಜಗಳಕ್ಕೆ ಬಿದ್ದರು. ರಾಯರ ಶಾಂತಲೆ ಬಳ್ಳಿಗಾವೆಯ ಹೆಗ್ಗಡೆಯ ಮನೆಯಲ್ಲಿ, ಪುಟ್ಟ ಹುಡುಗಿಯಾಗಿ, ಓದು ಕುಣಿತ ಎರಡನ್ನೂ ಕಲಿಯುತ್ತಾ ಕಥೆಯೊಳಕ್ಕೆ ಬರುತ್ತಾಳೆ. ಆಕೆಗೆ ವಿದ್ಯೆ ಹೇಳುವ ಗುರು ಬೋಕಿಮಯ್ಯ. ಮೇಡಂಗೆ ಆ ಹೆಸರು ಕಂಡ ಕೂಡಲೇ ಮೈ ಜುಮ್ಮೆಂದಿತಂತೆ. ಶಾಂತಲೆಯ ಸಾವಿನ ಶಾಸನಕ್ಕೆ ಸಂಬಂಧಿಸಿ ಬರುವ ಬರಹಗಾರನ ಹೆಸರು ಬೋಕಿಮಯ್ಯ. ಕಲ್ಲಿನ ಮೇಲಿನ ಒಂದು ಹೆಸರಿಗೆ ರಾಯರು ಮನೆ, ಮಾತು, ಶಿಷ್ಯೆ, ಇಡೀ ಬದುಕು ಕೊಟ್ಟಿದ್ದರು. ಮಗುವಾಗಿದ್ದಾಗ ಅಕ್ಷರ ತಿದ್ದಿಸಿದವನೇ ಆಕೆಯ ಸಾವನ್ನೂ ಬರೆಯಬೇಕಾಯಿತು ಎಂದು ಓದುಗ ತನ್ನಷ್ಟಕ್ಕೆ ಜೋಡಿಸಿಕೊಂಡರೆ ಎದೆ ಹಿಂಡುತ್ತದೆ.

ಮನೆಯಡುಗೆ, ಪೂಜೆ, ಪಯಣ, ಸಂಭಾವನೆ ಎಲ್ಲವನ್ನೂ ರಾಯರು ಬಿಡದೆ ಬರೆಯುತ್ತಾರೆ. ಇದು ಅತಿಯಾಯಿತು ಎಂದವರು ಇದ್ದರು. ಇದಕ್ಕಾಗಿಯೇ ಓದುತ್ತೇವೆ ಎಂದವರು ಹೆಚ್ಚು. ಕಾಲೇಜಿನ ಹುಡುಗಿಯರ ದೂರು ಬೇರೆ: ಶಾಂತಲೆ ಒಂದೇ ಒಂದು ತಪ್ಪು ಮಾಡುವುದಿಲ್ಲ, ಯಾವತ್ತೂ ಕೋಪಿಸಿಕೊಳ್ಳುವುದಿಲ್ಲ, ಎಲ್ಲರಿಗೂ ಬುದ್ಧಿ ಹೇಳುತ್ತಾಳೆ. ಅವರಿಗೆ ಹಿಡಿಸಿದ್ದು ದಂಡನಾಯಕ ಮರಿಯಾನೆಯ ಹೆಂಡತಿ ಚಾಮವ್ವೆ. ತನ್ನ ಹೆಣ್ಣುಮಕ್ಕಳನ್ನು ಅರಮನೆಗೆ ಸೇರಿಸಲು ಏನೆಲ್ಲ ಹೂಟ ಹೂಡುವ ಹೆಂಗಸು ಆಕೆ. ಇತಿಹಾಸದಲ್ಲಿ ವಿಷ್ಣುವರ್ಧನನ ಅಣ್ಣ ಒಂದನೇ ಬಲ್ಲಾಳ ಮರಿಯಾನೆಯ ಮೂವರು ಹೆಣ್ಣುಮಕ್ಕಳನ್ನು 1103ರಲ್ಲಿ ಒಂದೇ ದಿನ ಮದುವೆಯಾದ. ಒಂದೇ ಚಪ್ಪರದ ಕೆಳಗೆ ಮೂರು ಮಕ್ಕಳ ಧಾರೆ ಎರೆದ ಆ ತಾಯಿಯ ತಲೆಯಲ್ಲಿ ಏನಿದ್ದಿರಬಹುದು ಎಂಬುದನ್ನು ರಾಯರು ಊಹಿಸಿದ ಪುಟಗಳು ಆ ಕಾದಂಬರಿಯಲ್ಲಿ ಅತ್ಯಂತ ಜೀವಂತವಾದವು. ಕೆಟ್ಟವಳು ಎಂದು ಹಣೆಪಟ್ಟಿ ಹಚ್ಚಿದರೂ ಚಾಮವ್ವೆಯಂಥವರನ್ನು ಎಲ್ಲರೂ ಮದುವೆಮನೆಗಳಲ್ಲಿ ಕಂಡವರೇ.

ಮೇಲುಕೋಟೆ ಕಡೆಯಿಂದ ಬಂದಿದ್ದ ಪೋಸ್ಟ್ ಮಾಸ್ಟರೊಬ್ಬರು ರಾಯರ ಪುಸ್ತಕದ ಮೇಲೆ ಬೇರೆಯದೇ ಮುನಿಸು ಇಟ್ಟುಕೊಂಡಿದ್ದರು. ಈ ಕಾದಂಬರಿಯ ಲಕ್ಷ್ಮಿ ಗೆಳತಿಯಲ್ಲ. ಕೊನೆಗೆ ಬಂದ ರಾಣಿ, ಶ್ರೀವೈಷ್ಣವನೊಬ್ಬ ಸಾಕಿದ ಮಗಳು, ಅರಮನೆಯ ನೆಮ್ಮದಿ ಕದಡುವವಳು. ಅಷ್ಟು ದೊಡ್ಡ ಪುಸ್ತಕದಲ್ಲಿ ಹುಳಿ ಹಿಂಡುವ ಕೆಲಸಕ್ಕೆ ನಮ್ಮವರೇ ಬೇಕಾಗಿತ್ತೆ ಎಂದು ಅವರ ಪ್ರಶ್ನೆ. ಅಂಚೆ ಕಚೇರಿಯ ಕಿಟಕಿಯಲ್ಲಿ ಮನಿಆರ್ಡರ್ ಬರೆಯುತ್ತಲೇ ವಾದ ಮುಂದುವರಿಸುವಷ್ಟು ಅವರಿಗೆ ಅದು ನಾಟಿತ್ತು. ರಾಮಾನುಜಾಚಾರ್ಯರನ್ನು ಕಾದಂಬರಿ ಗೌರವದಿಂದಲೇ ಕಂಡಿದೆ ಎಂದು ಮೇಡಂ ತಂದೆ ಸಮಾಧಾನ ಹೇಳುತ್ತಿದ್ದರು. ಪೋಸ್ಟ್ ಮಾಸ್ಟರಿಗೆ ಸಮಾಧಾನ ಬೇಕಿರಲಿಲ್ಲ, ವಾದ ಬೇಕಿತ್ತು.

ಚಿಕ್ಕಜ್ಜಿ ಅಷ್ಟರಲ್ಲಿ ಒಬ್ಬಳೇ ಆಗಿದ್ದಳು. ದೊಡ್ಡಜ್ಜಿ ಹೋಗಿ ಎರಡು ಮಳೆಗಾಲ ಕಳೆದಿತ್ತು. ಮೊಮ್ಮಗಳು ಹೊಸ ಪುಸ್ತಕದ ಕಥೆ ಹೇಳಿದಾಗ, ಲಕ್ಷ್ಮಿಯನ್ನು ಹೀಗೆ ಮಾಡಿದ್ದಾರೆ ಎಂದಾಗ, ಆಕೆಗೆ ಬಹಳ ಬೇಜಾರಾಯಿತು. “ಆ ಅಯ್ಯರ್ರು ಲಕ್ಷ್ಮೀನ ಗೊಂಬೆ ಮಾಡುದ್ರು, ಈ ರಾಯರು ಮಾರಿ ಮಾಡುದ್ರು. ನಡುವೆ ಒಬ್ಳು ಹೆಂಗ್ಸು ಇರ್ಲಿಲ್ವಾ?” ಮುಂದೆ ಪಟ್ಟಕ್ಕೆ ಬಂದ ನರಸಿಂಹ ಲಕ್ಷ್ಮಿಯ ಮಗ. ಹೊಯ್ಸಳ ವಂಶ ಮುಂದುವರಿದದ್ದು ಆಕೆಯ ಹೊಟ್ಟೆಯಿಂದ. ಆದರೂ ಆಕೆಯ ಹೆಸರಿನ ಕಾದಂಬರಿ ಓದುಗರ ಬಾಯಲ್ಲಿ ಇಲ್ಲ. ಎಲ್ಲರಿಗೂ ಶಾಂತಲೆಯೇ ಬೇಕು. ಸವತಿಯಾಗಿ ಬಂದು, ಮಕ್ಕಳನ್ನು ಹೆತ್ತು, ಹಿರಿಯಳನ್ನು ಕೊನೆತನಕ ನೋಡಿಕೊಂಡ ಒಬ್ಬ ಮುದುಕಿ ಇದನ್ನು ಅನ್ಯಾಯ ಎಂದಳು. ಆ ಮಾತು ಸಾಹಿತ್ಯದ ವಿಮರ್ಶೆಯಲ್ಲಿ ಬರಬೇಕಾದದ್ದು, ಬಂದದ್ದು ಹಜಾರದಲ್ಲಿ.

ಮೈಸೂರಿನಲ್ಲಿ ಎಂ.ಎ. ಓದುವಾಗ ಮೇಡಂಗೆ ಗೊತ್ತಾಯಿತು, ಇಂಥ ಜಗಳ ಲೋಕದಲ್ಲೆಲ್ಲ ಇದೆ ಎಂದು. ವಾಲ್ಟರ್ ಸ್ಕಾಟ್ ‘ಐವನ್‌ಹೋ’ ಬರೆದದ್ದು 1819ರಲ್ಲಿ. ಕಥೆ ನಡೆಯುವುದು 12ನೇ ಶತಮಾನದ ಕೊನೆಯ ಇಂಗ್ಲೆಂಡಿನಲ್ಲಿ, ಶಾಂತಲೆ ತೀರಿಕೊಂಡು ಅರುವತ್ತು ಚಿಲ್ಲರೆ ವರ್ಷಗಳ ಆಮೇಲೆ. ಅಲ್ಲಿ ನಾಯಕ ಮದುವೆಯಾಗುವುದು ರೊವೀನಾಳನ್ನು, ಓದುಗರ ಮನಸ್ಸು ಹೋದದ್ದು ಯಹೂದಿ ಹುಡುಗಿ ರೆಬೆಕ್ಕಾಳ ಕಡೆಗೆ. ಅವಳಿಗೇಕೆ ನಾಯಕನನ್ನು ಕೊಡಲಿಲ್ಲ ಎಂದು ಓದುಗರು ಎಷ್ಟು ಆಕ್ಷೇಪಿಸಿದರೆಂದರೆ 1830ರ ಮುದ್ರಣದ ಮುನ್ನುಡಿಯಲ್ಲಿ ಸ್ಕಾಟ್ ಅದಕ್ಕೆ ಉತ್ತರ ಬರೆಯಬೇಕಾಯಿತು. ಆ ಕಾಲದ ಕಟ್ಟುಪಾಡಿನಲ್ಲಿ ಅಂಥ ಮದುವೆ ಸಾಧ್ಯವಿರಲಿಲ್ಲ, ಸದ್ಗುಣಕ್ಕೆ ಲೌಕಿಕ ಬಹುಮಾನವನ್ನೇ ಕೊಡಿಸಬೇಕು ಎಂಬ ಆಸೆಯೂ ಒಳ್ಳೆಯದಲ್ಲ ಎಂಬುದು ಅವನ ಸಮಜಾಯಿಷಿ. ಥ್ಯಾಕರೆಗೆ ಅದು ಸಾಲಲಿಲ್ಲ. ಆತ ರೆಬೆಕ್ಕಾಳಿಗೆ ಮದುವೆ ಮಾಡಿಸಿ ತನ್ನದೇ ಮುಂದುವರಿಕೆ ಬರೆದ. ಅದನ್ನು ಓದಿದ ದಿನ ಮೇಡಂ ಚಿಕ್ಕಜ್ಜಿಗೆ ಕಾಗದ ಬರೆದರು. ಇಂಗ್ಲೆಂಡಿನಲ್ಲೂ ನಿನ್ನಂಥವರಿದ್ದರು ಅಜ್ಜಿ ಎಂದು. ಅದನ್ನು ಓದಿ ಹೇಳಿದವನು ಕಸರತ್ತಿನ ಚಿಕ್ಕಪ್ಪ.

ಬೇಲೂರಿನ ಮಾತು ಬಂದರೆ ಓದುಗರು ಇನ್ನೊಂದು ಕವಲಿಗೆ ಹೊರಳುತ್ತಾರೆ. 1117ರಲ್ಲಿ ಪ್ರತಿಷ್ಠೆಯಾದ ಚನ್ನಕೇಶವ, ಪಕ್ಕದಲ್ಲಿ ಶಾಂತಲೆ ಪ್ರತಿಷ್ಠೆ ಮಾಡಿಸಿದ ಕಪ್ಪೆ ಚನ್ನಿಗರಾಯ, ಕಲ್ಲಿನಲ್ಲಿ ಕಪ್ಪೆ ಸಿಕ್ಕ ಕಥೆ, ದಂತಕಥೆಯ ಶಿಲ್ಪಿ ಜಕಣಾಚಾರಿ, ಅವನ ಮಗ ಡಂಕಣ. 1964ರ ‘ಅಮರಶಿಲ್ಪಿ ಜಕಣಾಚಾರಿ’ ಸಿನ್ಮಾ ಬಣ್ಣದಲ್ಲಿ ಬಂದು ಆ ಕಥೆಯನ್ನು ಮನೆಮನೆಗೆ ಮುಟ್ಟಿಸಿತ್ತು. ನಾಗರಾಜರಾಯರೂ ಜಕಣನನ್ನು ಬಿಡಲಿಲ್ಲ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಶಿಲ್ಪಿಗಳ ಹೆಸರು ಕೆತ್ತಿದೆ, ಜಕಣನ ಹೆಸರು ಎಲ್ಲೂ ಇಲ್ಲ ಎಂದು ಮೇಡಂ ಒಮ್ಮೆ ತರಗತಿಯಲ್ಲಿ ಹೇಳಿದರು. ಮರಗೆಲಸದ ಆಚಾರರ ಮನೆಯ ಹುಡುಗನೊಬ್ಬ ಎದ್ದು ನಿಂತು, “ನಮ್ಮಪ್ಪ ಮಾಡಿದ ಬಾಗಿಲಿಗೂ ಹೆಸರಿಲ್ಲ ಮೇಡಂ” ಎಂದ. ಮೇಡಂ ಆ ಹೊತ್ತು ಪಾಠ ನಿಲ್ಲಿಸಿ, ಹೆಸರಿಲ್ಲದ ಕೆಲಸಗಾರರ ಬಗ್ಗೆಯೇ ಗಂಟೆ ಹೊಡೆಯುವ ತನಕ ಮಾತಾಡಿದರು.

ಪುಸ್ತಕ ಊರು ಬಿಟ್ಟು ಹೋದದ್ದೂ ಉಂಟು. ರಾಯರ ಕಾದಂಬರಿ ಹಿಂದಿಗೆ ನಾಲ್ಕು ಭಾಗಗಳಲ್ಲಿ ಹೋಯಿತು. ಗೊಮ್ಮಟನ ಸಾವಿರ ವರ್ಷದ 1981ರ ಮಹಾಮಸ್ತಕಾಭಿಷೇಕದಲ್ಲಿ ಉತ್ತರದ ಯಾತ್ರಿಕರು ದೊಡ್ಡಬೆಟ್ಟವನ್ನಷ್ಟೇ ಕೇಳುತ್ತಿದ್ದರು. 1993ರದಕ್ಕೆ ಬಂದ ಹೆಂಗಸರಲ್ಲಿ ಕೆಲವರು ಚಿಕ್ಕಬೆಟ್ಟದ ಮೇಲೆ “ಶಾಂತಲಾ ಕಾ ಮಂದಿರ್” ಎಲ್ಲಿ ಎಂದು ವಿಚಾರಿಸುತ್ತಿದ್ದದ್ದನ್ನು, ಸ್ವಯಂಸೇವಕಿಯಾಗಿ ಹೋಗಿದ್ದ ಮೇಡಂ ಕೇಳಿದ್ದಾರೆ. ಅವರಲ್ಲೊಬ್ಬರು ಬಸದಿಯ ಹೊಸ್ತಿಲು ಮುಟ್ಟಿ ನಮಸ್ಕರಿಸಿ, ಆಮೇಲೆ ಕನ್ನಡ ಓದಲು ಬಾರದಿದ್ದರೂ ಶಾಸನದ ಸಾಲುಗಳ ಮೇಲೆ ಬೆರಳಾಡಿಸುತ್ತಾ ನಿಂತರಂತೆ.

ಇದೇ ತಾಲ್ಲೂಕಿನ ಸಂತೇಶಿವರದವರು ಎಸ್.ಎಲ್. ಭೈರಪ್ಪ. 2025ರ ಸೆಪ್ಟೆಂಬರ್ 24ರಂದು ಅವರು ತೀರಿಕೊಂಡಾಗ ಪಟ್ಟಣದ ಹೋಟೆಲುಗಳಲ್ಲಿ, ಬಸ್ ನಿಲ್ದಾಣದಲ್ಲಿ ‘ಗೃಹಭಂಗ’ದ ನಂಜಮ್ಮನ ಮಾತೇ ಮಾತು. ಹೊಯ್ಸಳರ ಕಡೆ ಅವರು ಹೋಗಲಿಲ್ಲ. 8ನೇ ಶತಮಾನವನ್ನು ಆರಿಸಿಕೊಂಡು 1998ರಲ್ಲಿ ‘ಸಾರ್ಥ’ ಬರೆದರು. ಅಲ್ಲಿ ಪ್ರೀತಿಗಿಂತ ತರ್ಕ ಮುಂದೆ, ಅರಮನೆಗಿಂತ ದಾರಿ ಮುಂದೆ. ‘ಶಾಂತಲಾ’ ಓದಿ ಬೆಳೆದವರಿಗೆ ಅದು ಒಣ ಅನ್ನಿಸಿತು. ‘ಸಾರ್ಥ’ದಿಂದ ಶುರು ಮಾಡಿದವರಿಗೆ ಅಯ್ಯರ್ ಅತಿ ಸಿಹಿ. ಮೇಡಂ ಎರಡನ್ನೂ ತರಗತಿಯಲ್ಲಿ ಪಕ್ಕಪಕ್ಕದಲ್ಲಿಟ್ಟು ಓದಿಸಿದವರು. ಅವರ ಒಲವು ಈಗಲೂ ಅಯ್ಯರ್ ಅವರ ಕಡೆಗೆ. ಇತಿಹಾಸ ಒಪ್ಪದೆ ಇರಬಹುದು, ಅಜ್ಜಿಯರೂ ಪಕ್ಕದ ಮನೆಯ ಅಮ್ಮನೂ ಒಪ್ಪದೆ ಇರಬಹುದು. ಆದರೆ ಇಬ್ಬರು ಮುದುಕಿಯರು ನಲವತ್ತು ವರ್ಷ ಒಂದೇ ಮನೆಯಲ್ಲಿದ್ದೂ ಒಬ್ಬರಿಗೊಬ್ಬರು ಆಡದ ಮಾತನ್ನು ಆ ಪುಸ್ತಕ ಆಡಿಸಿತು. ರಾಯರ ಎರಡು ಸಾವಿರ ಪುಟಗಳ ಮೇಲೆ ಅಪಾರ ಗೌರವ ಇಟ್ಟುಕೊಂಡೇ ಅವರು ಇದನ್ನು ಹೇಳುತ್ತಾರೆ.

ನಿವೃತ್ತಿಯ ಮೇಲೆ ಅವರ ಮನೆಯ ಹಜಾರಕ್ಕೆ ಭಾನುವಾರ ಕಾಲೇಜು ಹುಡುಗಿಯರು ಬರುತ್ತಾರೆ. ಹೋದ ಸಲ ಚರ್ಚೆಗೆ ಬಂದದ್ದು ಶಾಂತಲೆಯೂ ಅಲ್ಲ, ಲಕ್ಷ್ಮಿಯೂ ಅಲ್ಲ. ಶಾಂತಲೆಯ ಸಾವಿನ ಶಾಸನದ ದೊಡ್ಡ ಪಾಲು ತಾಯಿ ಮಾಚಿಕಬ್ಬೆಯದು. ಮಗಳು ಹೋದ ಮೇಲೆ ಬೆಳಗೊಳಕ್ಕೆ ಬಂದು, ಗುರುಗಳ ಎದುರಿನಲ್ಲಿ ಸಂನ್ಯಸನ ತೆಗೆದುಕೊಂಡು, ಅರೆಗಣ್ಣು ಮುಚ್ಚಿ, ಪಂಚಪದಗಳನ್ನು ಹೇಳುತ್ತಾ ಒಂದು ತಿಂಗಳು ಉಪವಾಸವಿದ್ದು ತೀರಿಕೊಂಡವಳು. ಹಿರೀಸಾವೆಯ ಹುಡುಗಿಯೊಬ್ಬಳು ಆ ಒಂದು ತಿಂಗಳನ್ನೇ ಹಿಡಿದು ಕಥೆ ಬರೆಯುತ್ತೇನೆ ಎಂದಿದ್ದಾಳೆ. ಗಂಡ ಶಿವಭಕ್ತ, ಅಳಿಯ ಅರಸು, ಮಗಳು ಸತ್ತದ್ದು ಶಿವಗಂಗೆಯಲ್ಲಿ, ತಾಯಿ ಆರಿಸಿಕೊಂಡದ್ದು ಬೆಳಗೊಳ. ಊಟ ಬಿಟ್ಟ ಮೊದಲ ವಾರದಲ್ಲಿ ಆಕೆಯನ್ನು ನೋಡಲು ಯಾರು ಯಾರು ಬಂದಿರಬಹುದು, ಲಕ್ಷ್ಮಿ ಬಂದಿದ್ದಳೆ ಎಂದು ಉಳಿದವರು ಈಗಲೇ ವಾದಕ್ಕೆ ಕೂತಿದ್ದಾರೆ. ಬಂದಿರುತ್ತಾಳೆ ಎಂಬ ಕಡೆಗೆ ಮೇಡಂ ಇದ್ದಾರೆ.